ಚರಗಕ್ಕೆ ಬಂದವರು

ಮಧುಕರರಾಯರಿಗೆ ಜನರ ಮೇಲೆ ನಂಬಿಕೆಯೇ ಇರಲಿಲ್ಲ ಎನ್ನುವುದು ಸುಳ್ಳು. ನಂಬಿಕೆಗೆ ತಕ್ಕವರು ಎಂದು ಸಾಬೀತು ಮಾಡಿಕೊಂಡವರನ್ನು ಅವರು ಖಂಡಿತ ನಂಬುತ್ತಿದ್ದರು. ಸಾಬೀತು ಮಾಡುತ್ತ ಕೂರುವಷ್ಟು ಪುರಸೊತ್ತು ಜನಕ್ಕೆ ಇರಲಿಲ್ಲ, ಅಷ್ಟೇ. ಜೀವಮಾನವಿಡೀ ಸರಕಾರಿ ಲೆಕ್ಕಪರಿಶೋಧಕರಾಗಿ ದುಡಿದವರು. ನೌಕರಿ ಮುಗಿಯಿತು, ಚಟ ಉಳಿಯಿತು. ಪುಣೆಯ ನಿಗಡಿಯ ಸಂತೆಯಲ್ಲಿ ತರಕಾರಿಯವಳು ಒಂದು ಸಿವುಡು ಕೊತ್ತಂಬರಿಯನ್ನು ಪುಕ್ಕಟೆ ಕೊಟ್ಟರೆ, ಹಾಗಾದರೆ ಬದನೆಕಾಯಿ ಹುಳುಕಿರಬೇಕು ಎಂದು ಅಲ್ಲೇ ಚೀಲ ಸುರುವಿ ನೋಡುವವರು. "ನನ್ನ ಲಗ್ನ ಗೊತ್ತು ಮಾಡೋ ಮುಂದ ನಾ ಕುಂಟತೀನೇನು ಅಂತ ನೋಡಲಿಕ್ಕೆ ನಮ್ಮ ಓಣ್ಯಾಗ ಬಂದು ಬಚ್ಚಿಟಗೊಂಡು ನಿಂತಿದ್ರು" ಎಂದು ಹೆಂಡತಿ ರಂಗೂಬಾಯಿ ಈಗಲೂ ಬಂದವರ ಮುಂದೆಲ್ಲ ಹೇಳುತ್ತಾಳೆ. ರಾಯರು ಅದನ್ನು ಅಲ್ಲಗಳೆಯುವುದಿಲ್ಲ.

ಇಂಥ ಮನುಷ್ಯ ಆಟೋಟದ ಲೋಕಕ್ಕೆ ಬಂದದ್ದು ಮೊಮ್ಮಗಳು ಸ್ನೇಹಲ್ ದೆಸೆಯಿಂದ. ಮಗ, ಸೊಸೆ ಇಬ್ಬರೂ ಡಾಕ್ಟರು. ಹುಡುಗಿ ಬೆಳೆದದ್ದೇ ಅಜ್ಜ-ಅಜ್ಜಿಯ ಕೈಯಲ್ಲಿ. ಅವಳಿಗೆ ಹಿಡಿದ ಹುಚ್ಚು ಓರಿಯೆಂಟಿಯರಿಂಗ್. ಕೈಯಲ್ಲೊಂದು ನಕ್ಷೆ, ಒಂದು ದಿಕ್ಸೂಚಿ. ಗುಡ್ಡ, ಕುರುಚಲು ಕಾಡಿನಲ್ಲಿ ಅಲ್ಲಲ್ಲಿ ಕಟ್ಟಿದ ಕಿತ್ತಳೆ-ಬಿಳಿ ಬಾವುಟಗಳನ್ನು ತಾವೇ ದಾರಿ ಹುಡುಕಿಕೊಂಡು ಓಡಿ ಮುಟ್ಟಿ ಬರಬೇಕು. ಬೇಗ ಬಂದವರು ಗೆದ್ದರು. ನಕ್ಷೆ ಕೈಗೆ ಸಿಗುವುದು ಓಟ ಶುರುವಾಗುವ ಕ್ಷಣದಲ್ಲೇ. ಅದಕ್ಕೇ ಸ್ಪರ್ಧೆ ನಡೆಯುವ ಜಾಗವನ್ನು ತಿಂಗಳುಗಳ ಮೊದಲೇ ನಿಷಿದ್ಧವೆಂದು ಸಾರುತ್ತಾರೆ. ಆಮೇಲೆ ಅಲ್ಲಿ ಕಾಲಿಟ್ಟ ಸ್ಪರ್ಧಿ ಅನರ್ಹ. ಅಲ್ಲಿ ಹೋಗಿ ಬಂದವರ ಬಾಯಿಂದ ಆ ನೆಲದ ಸುದ್ದಿ ಕೇಳಿಕೊಂಡವರೂ ಅನರ್ಹರೇ.

ಮೊಮ್ಮಗಳನ್ನು ಆಟದ ಕ್ಲಬ್ಬಿಗೆ ಬಿಡಲು, ಕರೆತರಲು ಬರುತ್ತಿದ್ದ ರಾಯರ ಗುಣವನ್ನು ಕ್ಲಬ್ಬಿನವರು ಬೇಗ ಗುರುತಿಸಿದರು. ಪಶ್ಚಿಮ ವಲಯ ಚಾಂಪಿಯನ್‌ಶಿಪ್ಪಿಗೆ ಪುಣೆಯಿಂದ ಯಾರು ಅರ್ಹರು ಎಂದು ತೀರ್ಮಾನಿಸುವ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಹೋದ ವರ್ಷ ಮೀಸೆ ಬೋಳಿಸಿಕೊಂಡು ಹದಿನಾರರೊಳಗಿನ ವರ್ಗಕ್ಕೆ ಬಂದಿದ್ದ ಒಬ್ಬ ಮಹಾಶಯನನ್ನು ಅವರು ಹಿಡಿದು ಕಳಿಸಿದ್ದರು. ಅಂದಿನಿಂದ ಹುಡುಗರು ರಾಯರನ್ನು ಕಂಡರೆ ತಪ್ಪು ಮಾಡದಿದ್ದರೂ ಅಂಗಿ ಸರಿಮಾಡಿಕೊಳ್ಳುತ್ತಿದ್ದರು.

ಈ ವರ್ಷ ಹದಿನೆಂಟರೊಳಗಿನ ಹುಡುಗಿಯರಲ್ಲಿ ಪುಣೆಗೆ ಎರಡೇ ಜಾಗ. ಆಯ್ಕೆಯ ಓಟದಲ್ಲಿ ಮೊದಲು ಬಂದವಳು ರೇಣು, ಎರಡನೆಯವಳು ಸ್ನೇಹಲ್. ಇಬ್ಬರಿಗೂ ಆ ವರ್ಗದಲ್ಲಿ ಇದೇ ಕೊನೆಯ ವರ್ಷ. ರೇಣು ಮಾರ್ಕೆಟ್ ಯಾರ್ಡಿನ ಹಿಂದಿನ ಚಾಳಿನ ಹುಡುಗಿ. ತಂದೆ ಶಿವರಾಜ ಅಲ್ಲೇ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ತೀರಿಕೊಂಡು ಕೆಲವು ವರ್ಷವಾಗಿತ್ತು. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಈಗ ಅಜ್ಜಿ ಕಾಶವ್ವನೊಬ್ಬಳೇ ಅವಳ ಪಾಲಿಗೆ ಉಳಿದವಳು. ಹುಡುಗಿಯ ದಿಕ್ಸೂಚಿ ಕೂಡ ಕ್ಲಬ್ಬಿನದು. ಅಂಥವಳು ಸ್ನೇಹಲ್‌ಳನ್ನು ಅಷ್ಟು ದೂರ ಹಿಂದೆ ಹಾಕಿ ಬಂದದ್ದು ರಾಯರಿಗೆ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದುಕೊಂಡು ಸುಮ್ಮನಿದ್ದರು.

ಸಂಕ್ರಾಂತಿಗೆ ಬೆಲ್ಲ ತರಲೆಂದು ಮಾರ್ಕೆಟ್ ಯಾರ್ಡಿಗೆ ಹೋದಾಗ ಆ ಮುಳ್ಳು ಮತ್ತೆ ಚುಚ್ಚಿತು. ಬೆಲ್ಲದ ವ್ಯಾಪಾರಿ ಸಿದ್ರಾಮಪ್ಪ ಮುಧೋಳದ ಕಡೆಯವನು. ಗಿರಾಕಿ ಕನ್ನಡದವರಾದರೆ ತೂಕಕ್ಕಿಂತ ಹೆಚ್ಚು ಮಾತು ಹಾಕಿ ಕೊಡುವ ಮನುಷ್ಯ. ಹಮಾಲರು ದಾರಿ ಬಿಡಿಸುವ "ಬಾಜೂಲಾ, ಬಾಜೂಲಾ" ಕೂಗಿನ ನಡುವೆಯೇ ಅವನು ಗಾದಿಯ ಮೇಲೆ ಜಾಗ ಮಾಡಿಕೊಟ್ಟ.

"ಯಾಕ್ರಿ ರಾಯರ, ಎಳ್ಳಮಾಸಿಗೆ ನೀವು ಬರಲೇ ಇಲ್ಲ? ಈ ಸಲ ನಮ್ಮ ಹೊಲದಾಗ ಚರಗ ಭಾಳ ಛಂದ ಆತು. ಯಾರ್ಡಿನ ನಮ್ಮ ಮಂದಿ ಎಲ್ಲಾರೂ ಬಂದಿದ್ರು."

"ಎಲ್ಲಾರೂ ಅಂದ್ರ?" ರಾಯರು ಅಭ್ಯಾಸಬಲದಿಂದ ಕೇಳಿದರು.

"ಎಲ್ಲಾರೂ ಅಂದ್ರ ಎಲ್ಲಾರೂ. ನಮ್ಮ ಮನಿಯವರು, ಮಾಂತು, ಕಾಶವ್ವ, ಅಕಿ ಮೊಮ್ಮಗಳು ರೇಣು..."

ಎಳ್ಳಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ಒಕ್ಕಲು ಮನೆಯವರು ಸಜ್ಜೆರೊಟ್ಟಿ, ಕಡಬು, ಪುಂಡಿಪಲ್ಯ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಅದನ್ನೆಲ್ಲ ಕಲಸಿ ಭೂಮಿತಾಯಿಗೆಂದು ಹೊಲದ ತುಂಬ ಚೆಲ್ಲುವುದೇ ಚರಗ. ಒಬ್ಬರು ಮುಂದೆ ಚೆಲ್ಲುತ್ತ ನಡೆದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಆಮೇಲೆ ಅಲ್ಲೇ ಊಟ. ಪುಣೆಗೆ ಬಂದು ತಲೆಮಾರು ಕಳೆದವರಿಗೆ ಹೊಲ ಎಲ್ಲಿಂದ ಬರಬೇಕು? ಸಿದ್ರಾಮಪ್ಪ ಸಾಸವಡದ ದಾರಿಯಲ್ಲಿ ಒಂದಿಷ್ಟು ಜಮೀನು ಕೊಂಡ ಮೇಲೆ ಯಾರ್ಡಿನ ಕನ್ನಡದವರೆಲ್ಲ ಟೆಂಪೊ ಮಾಡಿಕೊಂಡು ಅಲ್ಲಿಗೇ ಹೋಗಿ ತಂತಮ್ಮ ಮನೆಯ ಚರಗ ಚೆಲ್ಲುತ್ತಿದ್ದರು. ಆ ಜಮೀನು ಇದ್ದದ್ದು ಖಂಡೋಬಾ ಮಾಳ ಎನ್ನುವ ಗುಡ್ಡದ ಬುಡಕ್ಕೆ. ಚಾಂಪಿಯನ್‌ಶಿಪ್ ನಡೆಯುವುದಿದ್ದದ್ದು ಅದೇ ಮಾಳದ ಮೇಲೆ. ದೀಪಾವಳಿಯಿಂದಲೇ ಆ ಮಾಳ, ಅದರ ಬುಡದ ಹೊಲಗಳು, ಎಲ್ಲ ಸ್ಪರ್ಧಿಗಳಿಗೆ ನಿಷಿದ್ಧವಾಗಿದ್ದವು.

ರಾಯರು ಬೆಲ್ಲದ ಪೆಂಟೆಯನ್ನು ಮೂಸಿ ನೋಡುವ ನೆಪದಲ್ಲಿ ಮುಖ ಮರೆಸಿಕೊಂಡರು. ಎಷ್ಟೋ ದಿನದಿಂದ ಕಳೆದಿದ್ದ ಕೀಲಿಕೈ ತಾನಾಗಿ ಕಿಸೆಯಲ್ಲಿ ಸಿಕ್ಕಂತಾಗಿತ್ತು ಅವರಿಗೆ. ಖುಷಿಯಾಯಿತು ಎಂದೇ ಹೇಳಬೇಕು.

"ನಿಮ್ಮ ಹೊಲ ನಾ ನೋಡೇ ಇಲ್ಲಲ್ಲ, ಸಿದ್ರಾಮಪ್ಪ" ಎಂದರು.

ಸಿದ್ರಾಮಪ್ಪನಿಗೆ ಅಷ್ಟೇ ಸಾಕಿತ್ತು. ಮರುದಿನ ಮುಂಜಾನೆಯೇ ಕಾರು ತೆಗೆದ. ಸಮಿತಿಯ ಉಳಿದಿಬ್ಬರಿಗೆ, ಅಂದರೆ ನಕ್ಷೆ ತಯಾರಿಸುವ ಕೇದಾರನಿಗೂ ಕಾರ್ಯದರ್ಶಿ ನೀತಾಬಾಯಿಗೂ, ರಾಯರು ಈ ವಿಷಯ ತಿಳಿಸಲಿಲ್ಲ. ಅವರು ಸ್ಪರ್ಧಿಯಲ್ಲ, ಹೋಗಲು ಅಡ್ಡಿಯಿಲ್ಲ. ಮೇಲಾಗಿ ತನಿಖೆ ಎನ್ನುವುದು ಡಂಗುರ ಸಾರಿ ಮಾಡುವ ಕೆಲಸವಲ್ಲ. ಹೊಲದಲ್ಲಿ ಸಿದ್ರಾಮಪ್ಪ ಕಡಲೆ ತೋರಿಸಿದ, ಹೊಸ ಪಂಪು ತೋರಿಸಿದ. ರಾಯರು ಎಲ್ಲಕ್ಕೂ ಹ್ಞೂಂ ಎಂದು, ಕಾಶವ್ವ ಎಲ್ಲಿಂದ ಎಲ್ಲಿಯತನಕ ಚರಗ ಚೆಲ್ಲಿದಳು ಎಂದು ಕೇಳಿದರು.

"ಬಾಂವಿಯಿಂದ ಹಿಡದು ಆ ಕಲ್ಲಿನ ಪೌಳಿ ತನಕ್ರಿ. ಪೌಳಿ ಎರಡು ಕಡೆ ಬಿದ್ದದ ನೋಡ್ರಿ, ಅದನ್ನ ದಾಟಿ ಹಳ್ಳದ ದಂಡಿ ತನಕಾನೂ ಹೋಗಿದ್ಲು. ಕಾಶವ್ವನ ಮನೀದು ಎರಡು ಪಾಲು ಬಿತ್ತು. ಅಕೀದೊಂದು, ರೇಣೂಂದೊಂದು."

ಎರಡು ಪಾಲು ಅಂದರೇನು ಎಂದು ರಾಯರು ಕೇಳಬಹುದಿತ್ತು. ಆದರೆ ಅವರು ಧಾರವಾಡದ ಪೇಟೆಯಲ್ಲಿ ಹುಟ್ಟಿದವರು; ಮನೆತನಕ್ಕೆ ನೆಲವೆಂದರೆ ಅಂಗಳದ ತುಳಸಿಕಟ್ಟೆಯೊಂದೇ. ಚರಗ ಗೊತ್ತಿಲ್ಲದ ಕನ್ನಡದವನು ಎನಿಸಿಕೊಳ್ಳಲು ನಾಚಿಕೆಯಾಯಿತು. ಬೇರೆಯವರ ಮಾತನ್ನು ಹತ್ತು ಸಲ ಕೆದಕುವವರು ತಮಗೆ ಗೊತ್ತಿಲ್ಲದ್ದನ್ನು ಮಾತ್ರ ಗೊತ್ತಿದ್ದವರ ಹಾಗೆ ತಲೆಯಾಡಿಸಿ ಬಿಟ್ಟರು. ಎರಡು ಪಾಲು ಎಂದರೆ ಇಬ್ಬರು ಜನ. ಇದರಲ್ಲಿ ಕೇಳುವುದೇನಿದೆ?

ಪೌಳಿಗೋಡೆಯ ಒಡಕು ದಾಟಿ ಹಳ್ಳದ ತನಕ ತಾವೇ ನಡೆದು ನೋಡಿ, ಅಲ್ಲಿಂದ ನೇರ ಕಾಶವ್ವನ ಮನೆಗೆ ಹೋದರು. ಯಾಕೆ ಬಂದದ್ದೆಂದು ಹೇಳಲಿಲ್ಲ. ಸಮಾಜದ ಹಿರಿಯರೊಬ್ಬರು ಹಾದಿಯಲ್ಲಿ ಹೋಗುತ್ತ ಇಣುಕಿದಂತೆ ಹೊರಸಿನ ಮೇಲೆ ಕುಳಿತು ಚಹಾ ಕುಡಿದರು. ಕಾಶವ್ವ ಸೆರಗು ಸರಿ ಮಾಡಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮೈದುನನ ಮಗ ಮಾಂತು ಒಳಗೇ ಗೋಡೆಗೊರಗಿ ಕೂತಿದ್ದ. ಟೆಂಪೊ ಓಡಿಸುವವನು, ಮೈ ತುಂಬ ಈರುಳ್ಳಿ ಸಿಪ್ಪೆ ಅಂಟಿಕೊಂಡಿತ್ತು.

"ಈಗಿನ ಹುಡುಗ್ರಿಗೆ ನಮ್ಮ ಹಬ್ಬ-ಹುಣ್ಣಿಮಿ ಅಂದ್ರ ಕಸ ಆಗ್ಯಾವ" ಎಂದು ರಾಯರು ಗಾಳ ಹಾಕಿದರು. "ನಿನ್ನ ಮೊಮ್ಮಗಳಾದರೂ ಚರಗಕ್ಕ ಬಂದಿದ್ಲೋ ಇಲ್ಲೋ, ಕಾಶವ್ವ?"

ಕಾಶವ್ವ ಮಾಂತುವಿನ ಕಡೆ ನೋಡಿದಳು. ಆ ನೋಟವನ್ನೂ ರಾಯರು ಗಮನಿಸಿದರು.

"ಬರದ ಏನ್ರಿ? ಬಂದಿದ್ಲು" ಎಂದಳು. "ನಮ್ಮ ಮನಿ ಹುಡುಗಿ ಹಂಗ ಬಿಡಾಕಿ ಅಲ್ರಿ."

"ಖರೇನ?"

"ಭೂಮಿತಾಯಿ ವಿಷಯದಾಗ ಸುಳ್ಳ ಹೇಳ್ತಾರೇನ್ರಿ?"

ಅಷ್ಟರಲ್ಲಿ ರೇಣು ಬಂದಳು. ಹೊಸ್ತಿಲಲ್ಲೇ ರಾಯರನ್ನು ಕಂಡು ನಿಂತಳು. "ನಿಮ್ಮಜ್ಜಿ ಹೇಳ್ಲಿಕತ್ತಾಳ, ನೀನೂ ಚರಗಕ್ಕ ಹೋಗಿದ್ಯಂತ" ಎಂದರು ರಾಯರು, ನಗುತ್ತ. ಹುಡುಗಿಯ ಮುಖದಲ್ಲಿದ್ದ ಬಣ್ಣವೆಲ್ಲ ಇಳಿಯಿತು. ಅಜ್ಜಿಯನ್ನು ನೋಡಿದಳು, ಮಾಂತುವನ್ನು ನೋಡಿದಳು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಎಂದುಕೊಂಡು ರಾಯರು ಚಪ್ಪಲಿ ಮೆಟ್ಟಿದರು. ಕಂಡ ಸಾಕ್ಷಿ ಒಬ್ಬ, ಮನೆಯ ಹಿರಿಯಳ ಮಾತು, ಆರೋಪಿಯ ಮೌನ. ಅವರ ಇಡೀ ನೌಕರಿಯಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರಕರಣ ಸಿಕ್ಕಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅವರು ಹಿಗ್ಗನ್ನು ತಡೆದುಕೊಳ್ಳಲಾರದೆ ಹೋದರು. ಎದುರಿಗೆ ರಂಗೂಬಾಯಿ, ಪಕ್ಕದಲ್ಲಿ ಸ್ನೇಹಲ್.

"ನಾ ಹೇಳಿದ್ದಿಲ್ಲ? ಆ ಹುಡುಗಿ ಸಾದಾ ಅಲ್ಲ ಅಂತ. ಇಲ್ಲಿ ನೋಡು" ಎಂದು ರೊಟ್ಟಿಯನ್ನು ತಾಟಿನ ಮಧ್ಯಕ್ಕೆ ಸರಿಸಿದರು. "ಇದು ಮಾಳ. ಇಲ್ಲಿ ಉಪ್ಪಿನ ಬಟ್ಟಲದ ಜಾಗಾದಾಗ ಬಾಂವಿ. ಅಲ್ಲಿಂದ ಒಂದು ಕಲ್ಲಿನ ಪೌಳಿ ಹೊಂಟದ, ಎರಡು ಕಡೆ ಬಿದ್ದದ. ದೂರದಿಂದ ನೋಡಿದ್ರ ಗೊತ್ತೇ ಆಗೂದಿಲ್ಲ, ಪೂರಾ ಪೌಳಿ ಅನಿಸ್ತದ. ಬಿದ್ದ ಕಡೆ ದಾಟಿದ್ರ ಹಳ್ಳ. ಒಣ ಹಳ್ಳ, ನೆತ್ತಿ ತನಕ ಹೋಗ್ತದ. ಇದು ಗೊತ್ತಿದ್ದವರು ಸುತ್ತು ಹಾಕದ ನೆಟ್ಟಗ ಏರಿ ಬಿಡ್ತಾರ."

"ಅಜ್ಜಾ, ಹಳ್ಳದಾಗ ಇಳೀಲಿಕ್ಕೆ ಬರ್ತದ? ಮುಳ್ಳು-ಕಾಂಟಿ ಇಲ್ಲೇನು?" ಎಂದಳು ಸ್ನೇಹಲ್.

"ಬರ್ತದಲ್ಲ. ಎರಡನೇ ಒಡಕಿನ ಕಡೆ ದನ ಇಳದು ಇಳದು ದಾರಿನ ಆಗ್ಯದ. ಆ ಹುಡುಗಿ ಅಲ್ಲೇ ನೀರು ಚಿಮುಕಿಸಿಕೋತ ಅಡ್ಡ್ಯಾಡ್ಯಾಳ. ಮತ್ತ ಗೆಲ್ಲದ ಏನ್ ಮಾಡ್ತಾಳ?"

ಸ್ನೇಹಲ್ ತುತ್ತನ್ನು ತಾಟಿನಲ್ಲಿ ಇಟ್ಟಳು. ಸ್ವಲ್ಪ ಹೊತ್ತು ರೊಟ್ಟಿಯನ್ನೇ ನೋಡುತ್ತಿದ್ದು, ಹಸಿವಿಲ್ಲ ಎಂದು ಎದ್ದು ಹೋದಳು.

"ಗೆಳತಿ ಸುದ್ದಿ ಕೇಳಿ ಕೆಟ್ಟನಿಸಿರಬೇಕು" ಎಂದಳು ರಂಗೂಬಾಯಿ.

"ಈಗೇ ಗೊತ್ತಾಗೂದು ಛಲೋ. ಎಂಥವರ ಜೋಡಿ ಓಡ್ಲಿಕತ್ತೀವಿ ಅಂತ" ಎಂದ ರಾಯರು ಮೊಮ್ಮಗಳು ಬಿಟ್ಟ ರೊಟ್ಟಿಯನ್ನೂ ತಾವೇ ತಿಂದು ಮುಗಿಸಿದರು.

ರವಿವಾರ ಮುಂಜಾನೆ ಸಮಿತಿ ಸೇರಿತು. ಕ್ಲಬ್ಬಿನ ಕಚೇರಿ ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ಬೇಕರಿಯೊಂದರ ಮಾಳಿಗೆಯ ಮೇಲೆ. ಕೆಳಗೆ ಬನ್ನು ಬೇಯುವ ವಾಸನೆ ಮೇಲಿದ್ದವರ ತಾಳ್ಮೆಯನ್ನು ಪರೀಕ್ಷಿಸುತ್ತಿತ್ತು. ಸ್ನೇಹಲ್ ಅಜ್ಜನನ್ನು ಸ್ಕೂಟಿಯ ಮೇಲೆ ತಂದು ಬಿಟ್ಟು, ತಾನು ಮೇಲೆ ಬರುವುದಿಲ್ಲವೆಂದು ಕೆಳಗೇ ನಿಂತಳು. ರಾಯರು ಮರಾಠಿಯಲ್ಲಿ ಪ್ರಕರಣವನ್ನು ಮಂಡಿಸಿದರು. ಮಂಡಿಸಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ ನೀತಾಬಾಯಿ ನಡುವೆ ಒಮ್ಮೆಯೂ ಫೋನು ನೋಡಲಿಲ್ಲ. ಕೇದಾರ ಮಾತ್ರ ಗಡ್ಡ ಕೆರೆದುಕೊಳ್ಳುತ್ತಿದ್ದ. ಆ ಮಾಳದ ನಕ್ಷೆಯನ್ನು ಬಿಸಿಲಲ್ಲಿ ಅಲೆದು ಬರೆದವನು ಅವನು; ಅದರ ಸುದ್ದಿ ಹೊರಗೆ ಹೋಗಿದೆ ಎಂದರೆ ಅವನ ಹೊಟ್ಟೆಗೆ ಬೆಂಕಿ ಬಿದ್ದಂತೆ.

ರೇಣುವನ್ನು ಕರೆದರು. ಶಾಲೆಯ ಬಿಳಿ ಅಂಗಿ ಹಾಕಿಕೊಂಡು ಬಂದು ನಿಂತಳು.

"ಎಳ್ಳಮಾವಾಸ್ಯೆಯ ದಿನ ಖಂಡೋಬಾ ಮಾಳಕ್ಕೆ ಹೋಗಿದ್ದೆಯಾ?" ಎಂದು ಕೇದಾರ ಮರಾಠಿಯಲ್ಲಿ ಕೇಳಿದ.

"ಇಲ್ಲ ಸರ್."

"ಹಾಗಾದರೆ ನಿನ್ನ ಅಜ್ಜಿ ಸುಳ್ಳು ಹೇಳಿದಳೇ?" ಇದು ರಾಯರ ಪ್ರಶ್ನೆ.

ರೇಣು ಬಾಗಿಲ ಕಡೆ ನೋಡಿದಳು. "ಅಜ್ಜಿ ಸುಳ್ಳು ಹೇಳಿಲ್ಲ. ನಾನೂ ಹೋಗಿಲ್ಲ" ಎಂದಳು.

"ಎರಡೂ ಹೇಗೆ ಖರೆ ಆಗುತ್ತದೆ?"

"ಅದನ್ನು ನಾನು ಇಲ್ಲಿ ಹೇಳಲಾರೆ ಸರ್."

ರಾಯರು ಕುರ್ಚಿಗೆ ಒರಗಿ ಉಳಿದಿಬ್ಬರ ಕಡೆ ನೋಡಿದರು. ಇನ್ನು ಹೇಳುವುದೇನಿದೆ ಎಂಬ ನೋಟ ಅದು. ನೀತಾಬಾಯಿಗೆ ಹುಡುಗಿಯನ್ನು ನೋಡಿ ಅಯ್ಯೋ ಅನಿಸಿರಬೇಕು, ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದಳು. ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಾಳೆ ಎಂದಳು ರೇಣು. ಕಾಶವ್ವ ಒಳಗೆ ಬಂದಳು, ಹಿಂದೆಯೇ ಮಾಂತುವೂ ಬಂದು ಬಾಗಿಲಿಗೆ ಆತು ನಿಂತ. ಕಾಶವ್ವನಿಗೆ ಪುಣೆಯ ಬಾಜಾರಿಗೆ ಸಾಕಾಗುವಷ್ಟು ಮರಾಠಿ ಬರುತ್ತಿತ್ತು, ಪಂಚಾಯ್ತಿಗೆ ಸಾಕಾಗುವಷ್ಟು ಬರುತ್ತಿರಲಿಲ್ಲ. ರಾಯರೇ ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಹೇಳಬೇಕಾಯಿತು.

"ಕಾಶವ್ವ, ಅವತ್ತು ನನ್ನ ಮುಂದ ಹೇಳಿದ್ದು ಇವರ ಮುಂದ ಹೇಳು. ರೇಣು ಚರಗಕ್ಕ ಬಂದಿದ್ಲು?"

"ಬಂದಿದ್ಲು ಅಂದ್ರ ಬಂದಂಗ ಅಲ್ರಿ? ಅಕಿ ಪಾಲಿನ ಚರಗ ನಾನ ಚೆಲ್ಲೀನಿ."

ರಾಯರ ನಾಲಿಗೆಯ ಮೇಲೆ ಬಂದಿದ್ದ ಮರಾಠಿ ಅಲ್ಲೇ ನಿಂತಿತು. "ಅಂದ್ರ?"

"ಅಂದ್ರ ಏನ್ರಿ? ಮನಿಯವರು ಯಾರ ಬರದಿದ್ರ ಅವರ ಹೆಸರ್ಲೆ ಒಂದು ಪಾಲು ಚೆಲ್ಲತೀವಿ. ದುಡೀಲಿಕ್ಕೆ ದೂರ ಹೋದವರದು, ಬಾಣಂತಿದು, ಹಾಸಿಗಿ ಹಿಡದವರದು. ಪಾಲು ಬಿತ್ತು ಅಂದ್ರ ಬಂದಂಗ. ಯಾರೂ ಬಂದಿಲ್ಲ ಅನ್ನೂದಿಲ್ಲ. ನಿಮಗ ಗೊತ್ತಿಲ್ಲೇನ್ರಿ?"

ಬನ್ನಿನ ವಾಸನೆ ಒಳಗೆ ಬಂತು. ರಾಯರಿಗೆ ಕಿವಿ ಬಿಸಿಯಾಯಿತು. ಆದರೂ ಅಷ್ಟು ಸುಲಭಕ್ಕೆ ಬಿಡುವ ಮನುಷ್ಯರಲ್ಲ. ಅವತ್ತು ಒಂದು ಮಾತು, ಇವತ್ತು ಇನ್ನೊಂದು. ಮೆಟ್ಟಿಲ ಮೇಲೆ ಕೂತು ಮೊಮ್ಮಗಳಿಂದ ಪಾಠ ಹೇಳಿಸಿಕೊಂಡು ಬಂದಿರಬಾರದೇಕೆ? ಅವರು ನಿಯಮವನ್ನು ಒಂದೊಂದೇ ಮಾತಾಗಿ ಬಿಡಿಸಿ ಹೇಳಿದರು. ಆ ಹೊಲಕ್ಕೆ ಹೋಗಿದ್ದರೆ ಹುಡುಗಿ ಓಡುವ ಹಾಗಿಲ್ಲ. ಹೋಗಿಲ್ಲದಿದ್ದರೆ ಓಡಬಹುದು. ಪಾಲು, ಹೆಸರು ಎಲ್ಲ ಇಲ್ಲಿ ನಡೆಯುವುದಿಲ್ಲ. ಮೈ ಬಂದಿತ್ತೋ, ಇಲ್ಲವೋ?

ಕಾಶವ್ವ ತಲೆ ತಗ್ಗಿಸಿದಳು. ರೇಣು, "ಅಜ್ಜಿ, ಬ್ಯಾಡ" ಎಂದಳು, ಮೆಲ್ಲಗೆ.

"ಮೈ ಬಂದಿಲ್ರಿ" ಎಂದಳು ಕಾಶವ್ವ. ರಾಯರಿಗಲ್ಲ, ಬಾಗಿಲಲ್ಲಿದ್ದ ಮಾಂತುವಿಗೆ ಕೇಳುವ ಹಾಗೆ ಹೇಳಿದಳು. "ಬಾಣಂತಿ ಅಲ್ಲ, ಜಡ್ಡಿಲ್ಲ, ಊರಾಗ ಇದ್ದೂ ಬಂದಿಲ್ಲ. ನಾ ಹೋಗೂದಿಲ್ಲ, ನಿಯಮ ಅದ ಅಂದ್ಲು. ಅತ್ತೆ, ಬೈದೆ, ಒಂದು ಏಟೂ ಹಾಕಿದೆ. ಬರಲಿಲ್ಲ. ಹಿಂದ ನೀರು ಹಾಕಲಿಕ್ಕೆ ಮನಿಯವರು ಯಾರೂ ಇಲ್ಲದ, ಕೊಡಾನೂ ನಾನ ಹಿಡಕೊಂಡು ಬುಟ್ಟೀನೂ ನಾನ ಹಿಡಕೊಂಡು ಅಡ್ಡ್ಯಾಡೀನಿ. ಮಂದಿ ಕೇಳಿದ್ರ ಮನ್ಯಾಗ ಮಲಗ್ಯಾಳ, ಜ್ವರ ಬಂದಾವ ಅಂದೆ."

ಮಾಂತು ಬಾಗಿಲಿನಿಂದ ಮೈ ಎತ್ತಿದ. "ಹಂಗಾದ್ರ ಬರೂ ವರ್ಷದಿಂದ ಬುಟ್ಟಿ ನಮ್ಮ ಮನಿಗೆ ಬರ್ತದ, ದೊಡ್ಡವ್ವ" ಎಂದ. ಕೆಟ್ಟ ದನಿಯಲ್ಲೇನೂ ಅಲ್ಲ, ಲೆಕ್ಕ ಹೇಳುವವನಂತೆ. "ನೀನ ಹೇಳಿದಿ ಮತ್ತ. ಮನಿ ಮಗಳು ಬೇಕಂತನ ಬಿಟ್ಟಾಳ ಅಂತ." ಹಾಗೆಂದು ಮೆಟ್ಟಿಲು ಇಳಿದು ಹೋದ.

ನೀತಾಬಾಯಿ ಏನಾಯಿತು ಎಂದು ಕಣ್ಣಲ್ಲೇ ಕೇಳಿದಳು. ರೇಣುವೇ ಮರಾಠಿಯಲ್ಲಿ ಹೇಳಿದಳು. ಅವರ ಮನೆತನದಲ್ಲಿ ಚರಗದ ಬುಟ್ಟಿ ಯಾರ ಮನೆಯಲ್ಲಿ ಇರುತ್ತದೋ ಅದೇ ಹಿರಿಯ ಮನೆ. ಅಪ್ಪ ಹೋದ ಮೇಲೆ, ಗಂಡಸಿಲ್ಲದ ಮನೆ ಎಂದು ಚಿಕ್ಕಪ್ಪ ಮಾಂತುವಿನ ಕಡೆಯವರು ಅದನ್ನು ಕೇಳುತ್ತಲೇ ಇದ್ದರು. ಮೊಮ್ಮಗಳಿದ್ದಾಳೆ, ಹಿಂದೆ ನೀರು ಹಾಕುತ್ತಾಳೆ ಎಂದು ಅಜ್ಜಿ ಬಿಟ್ಟುಕೊಟ್ಟಿರಲಿಲ್ಲ.

ರಾಯರಿಗೆ ಈ ವಿಷಯ ಮಾತ್ರ ಯಾರೂ ಕಲಿಸಬೇಕಾಗಿರಲಿಲ್ಲ. ಲಾಭಕ್ಕೆ ಆಡುವ ಮಾತು ಯಾವುದು, ಕೈಯಿಂದ ಕಳೆದುಕೊಂಡು ಆಡುವ ಮಾತು ಯಾವುದು ಎಂದು ಅವರ ಮೂಗಿಗೆ ಗೊತ್ತಾಗುತ್ತಿತ್ತು. ಈ ಮುದುಕಿ ಈಗ ಇಡೀ ಮನೆತನದ ಮರ್ಯಾದೆಯನ್ನು ಕೊಟ್ಟು ಆ ಮಾತು ಆಡಿದ್ದಳು. ಅದು ನಿಜವೇ. ನಿಜ ಎಂದು ಗೊತ್ತಾದಾಗ ಅವರಿಗೆ ಸಂತೋಷವಾಗದಿದ್ದದ್ದು ಕಂಡು ಅವರಿಗೇ ಆಶ್ಚರ್ಯವಾಯಿತು, ನಾಚಿಕೆಯೂ ಆಯಿತು.

ಕೇದಾರ ಮಾತ್ರ ಇನ್ನೂ ಗಡ್ಡ ಕೆರೆದುಕೊಳ್ಳುತ್ತಿದ್ದ. "ಅಜ್ಜಿ ಹೋಗಿ ಬಂದಿದ್ದಾರಲ್ಲ. ಮನೆಗೆ ಬಂದು ಅಲ್ಲಿ ಹೇಗಿತ್ತು, ಏನಿತ್ತು ಎಂದು ಹುಡುಗಿಗೆ ಹೇಳಿರಬಹುದು. ಅದನ್ನೂ ಕೇಳಿ, ಕಾಕಾ."

ರಾಯರು ಕೇಳಿದರು. ಕಾಶವ್ವನ ಮುಖದಲ್ಲಿ ಮೊದಲ ಸಲ ಸಿಟ್ಟು ಬಂತು.

"ಹೇಳಲಿಕ್ಕೆ ಎಲ್ಲಿ ಬಿಟ್ಲ್ರಿ? ರಾತ್ರಿ ಅಕಿ ತಾಟಿಗೆ ಕಡಬು ಹಾಕಿ, 'ಏ ರೇಣವ್ವ, ಈ ಸಲ ಸಿದ್ರಾಮಪ್ಪನ ಹೊಲದಾಗ' ಅನ್ನೂದರಾಗ ಎರಡೂ ಕಿವಿಯಾಗ ಬಟ್ಟು ಇಟಗೊಂಡು, ತಾಟು ಬಿಟ್ಟು ಎದ್ದು ಹೊರಗ ಹೋದ್ಲು. ಹಬ್ಬದ ಊಟ ಬಿಟ್ಟು ಏಳ್ತಾರೇನ್ರಿ? ನಾ ಏನ್ ಪಾಪ ಮಾಡಿದ್ನಿ ಅಂತ ಅಕಿ ಜೋಡಿ ಮಾತ ಬಿಟ್ಟಿದ್ದೆ."

ರಾಯರು ಅದನ್ನು ಮರಾಠಿಗೆ ತಿರುಗಿಸತೊಡಗಿದರು. ಅಜ್ಜಿ ತಾಟಿಗೆ ಬಡಿಸಿ ಹೊಲದ ಮಾತು ತೆಗೆದಳು, ಹುಡುಗಿ ಕಿವಿ ಮುಚ್ಚಿಕೊಂಡಳು, ಊಟ ಬಿಟ್ಟು ಎದ್ದಳು. ಊಟ ಬಿಟ್ಟು ಎದ್ದಳು ಎಂಬಲ್ಲಿಗೆ ಬಂದಾಗ ಅವರ ದನಿ ನಿಂತಿತು. ತಮ್ಮ ಮನೆಯ ತಾಟು, ರೊಟ್ಟಿಯ ಮಾಳ, ಉಪ್ಪಿನ ಬಟ್ಟಲ ಬಾವಿ ಕಣ್ಣ ಮುಂದೆ ಬಂದವು. ಸ್ನೇಹಲ್ ಕೂಡ ಊಟ ಬಿಟ್ಟು ಎದ್ದಿದ್ದಳು. ಆದರೆ ಎಲ್ಲ ಕೇಳಿದ ಮೇಲೆ. 'ಹಳ್ಳದಾಗ ಇಳೀಲಿಕ್ಕೆ ಬರ್ತದ' ಎಂದು ಕೇಳಿ, ಉತ್ತರವನ್ನೂ ಪಡೆದ ಮೇಲೆ. ನಿಯಮವನ್ನು ಬಾಯಿಪಾಠ ಮಾಡಿಕೊಂಡ ತಾವೇ, ಮಾಳಕ್ಕೆ ಹೋಗಿ ಬಂದು, ಒಳದಾರಿಯನ್ನು ಬೆರಳಿಟ್ಟು ತೋರಿಸಿದ್ದರು.

"ಪುಢೆ, ಕಾಕಾ?" ಎಂದು ಕೇದಾರ ಮುಂದಿನದನ್ನು ಕೇಳಿದ.

ರಾಯರು ಮಾತು ಪೂರ್ತಿ ಮಾಡಿದರು. ಕೇದಾರನ ಮುಖ ಅರಳಿತು. ಅವನು ಎದ್ದು ರೇಣುವಿನ ತಲೆ ತಟ್ಟಿ, ಹಬ್ಬದೂಟ ಬಿಟ್ಟವಳನ್ನು ನಾನು ಇದುವರೆಗೆ ನೋಡಿಲ್ಲ ಎಂದ. ನೀತಾಬಾಯಿ ಇಬ್ಬರ ಹೆಸರನ್ನೂ ಓದಿದಳು: ರೇಣು, ಸ್ನೇಹಲ್. ಅಧ್ಯಕ್ಷರು ಹ್ಞೂಂ ಅಂದರೆ ಮುಗಿಯಿತು.

ಆ ಕೋಣೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ರಂಗೂಬಾಯಿಗೆ ಈ ಆಟದ ತಲೆ-ಬುಡ ತಿಳಿಯದು. ರಾಯರು ಸುಮ್ಮನಿದ್ದರೆ ಹೊರಗೆ ಬರುವ ವಿಷಯವೇ ಅಲ್ಲ ಅದು. ಮತ್ತೆ ಹುಡುಗಿ ಮಾಡಿದ ತಪ್ಪಾದರೂ ಏನು? ಊಟಕ್ಕೆ ಕೂತಿದ್ದಳು. ಅವಳಿಗೂ ಇದು ಕೊನೆಯ ವರ್ಷ. ಇಷ್ಟೆಲ್ಲ ಅವರ ಮನಸ್ಸು ವಕೀಲನ ಹಾಗೆ ವಾದಿಸಿತು. ಎದುರಿಗೆ ಕಾಶವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಬುಟ್ಟಿ ಕಳೆದುಕೊಂಡು ಬರಿಗೈಯಲ್ಲಿ ನಿಂತಿದ್ದಳು.

"ಸ್ನೇಹಲ್ ಓಡುವ ಹಾಗಿಲ್ಲ" ಎಂದರು ರಾಯರು, ಮರಾಠಿಯಲ್ಲಿ. "ನಾನು ಆ ಮಾಳಕ್ಕೆ ಹೋಗಿದ್ದೆ. ಮನೆಗೆ ಬಂದು ಅಲ್ಲಿನದೆಲ್ಲ ಅವಳ ಮುಂದೆ ಹೇಳಿದ್ದೇನೆ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲ."

ನೀತಾಬಾಯಿ ಪಟ್ಟಿಯಲ್ಲಿ ಎರಡನೆಯ ಹೆಸರಿನ ಮೇಲೆ ಗೆರೆ ಎಳೆದಳು. ರೇಣು ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದಳು. ಕಾಶವ್ವ ರಾಯರನ್ನು ನೋಡಿದಳು. ಅಯ್ಯೋ ಪಾಪ ಎನ್ನುವ ನೋಟ ಅದು. ಬೈದಿದ್ದರೆ ರಾಯರಿಗೆ ಇದಕ್ಕಿಂತ ಸುಖವಾಗುತ್ತಿತ್ತು.

ಕೆಳಗೆ ಬೇಕರಿಯ ಮುಂದೆ ಸ್ನೇಹಲ್ ಸ್ಕೂಟಿಗೆ ಒರಗಿ ನಿಂತಿದ್ದಳು. ಅಜ್ಜನ ಕಾಲು ಕೊನೆಯ ಮೆಟ್ಟಿಲ ಮೇಲೆ ಇರುವಾಗಲೇ ಕೇಳಿದಳು. "ರೇಣು?"

"ಓಡ್ತಾಳ. ಅಕಿ ಹೋಗಿದ್ದಿಲ್ಲ."

"ನನಗ ಗೊತ್ತಿತ್ತು. ಮತ್ತ ನಾನು?"

ರಾಯರು ಕೊನೆಯ ಮೆಟ್ಟಿಲು ಇಳಿದರು. "ನಿನ್ನ ಹೆಸರು ತಗಸಿದೆ, ಪುಟ್ಟಿ. ನಾನ ಹೇಳಿದೆ."

ಅವಳು ಅಳುತ್ತಾಳೆ ಎಂದುಕೊಂಡರು. ಅಳಲಿಲ್ಲ. ಸ್ಕೂಟಿಯ ಕೀಲಿಯನ್ನು ಬೆರಳಲ್ಲಿ ತಿರುವುತ್ತ ನಿಂತಳು. "ನೀವು ಹೇಳೂದಿಲ್ಲ ಅನ್ಕೊಂಡಿದ್ದೆ" ಎಂದಳು.

"ಹೇಳದಿದ್ರ?"

"ನಾನೂ ಹೇಳ್ತಿದ್ದಿಲ್ಲ. ಓಡ್ತಿದ್ದೆ." ಅವಳ ದನಿ ಸಣ್ಣದಾಯಿತು. "ಅವತ್ತಿಂದ ಕಣ್ಣು ಮುಚ್ಚಿದ್ರ ಸಾಕು, ಆ ಹಳ್ಳದಾಗ ಓಡ್ಲಿಕತ್ತಿರ್ತೀನಿ. ಇಳಿಯೋ ದಾರಿ ಮೊದಲ ನೀವ ಹೇಳಿರಲಿಲ್ಲ, ಅಜ್ಜಾ. ನಾನ ಕೇಳಿದೆ. ಬೇಕಂತನ ಕೇಳಿದೆ."

ಹಾಲಿನವನನ್ನು, ತರಕಾರಿಯವಳನ್ನು, ಮದುವೆಗೆ ಮೊದಲು ಹೆಂಡತಿಯ ಕಾಲನ್ನು ಕೂಡ ಶಂಕಿಸಿದ ಮಧುಕರರಾಯರು ಬೇಕರಿಯ ಮುಂದೆ ಸುಮ್ಮನೆ ನಿಂತುಬಿಟ್ಟರು. ಮೆಟ್ಟಿಲ ಮೇಲಿನಿಂದ ರೇಣು ಅಜ್ಜಿಯ ಕೈ ಹಿಡಿದು ನಿಧಾನವಾಗಿ ಇಳಿಸಿಕೊಂಡು ಬರುತ್ತಿದ್ದಳು. ಸ್ನೇಹಲ್ ಅವಳನ್ನು ನೋಡಿದಳು, ಆಮೇಲೆ ಅಜ್ಜನನ್ನು ನೋಡಿದಳು.

"ಅಕಿ ಮ್ಯಾಲೆ ಅಷ್ಟು ಲಗೂ ಸಂಶಯ ಬಂತಲ್ಲ ನಿಮಗ" ಎಂದಳು. "ನನ್ನ ಮ್ಯಾಲೆ ಯಾಕ ಬರಲಿಲ್ಲ?"

ರಾಯರಿಗೆ ಉತ್ತರ ಗೊತ್ತಿತ್ತು. ಅವಳು ಕೊಟ್ಟ ಹೆಲ್ಮೆಟ್ಟು ಹಾಕಿಕೊಂಡು ಸ್ಕೂಟಿಯ ಹಿಂದೆ ಕುಳಿತರು.